ಮುಕ್ಕಾಲು ಚಮಚ ಸೋಡಾ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಮೊದಲು ಕೇಳುವ ಪ್ರಶ್ನೆ ‘ನಯಾಗರ ನೋಡಿದ್ರಾ?’ ಎಂಬುದು. ಇಲ್ಲ ಎಂದರೆ ನಮಗಿಂತ ಕೇಳಿದವರಿಗೇ ಹೆಚ್ಚು ನಷ್ಟವಾದಂತೆ ಕಾಣುತ್ತದೆ. 2024ರ ಬೇಸಿಗೆ ರಜೆಯಲ್ಲಿ ಮಗನ ಮನೆಗೆಂದು ಹೋಗಿದ್ದ ನಾನು ನಯಾಗರ ನೋಡಲಿಲ್ಲ. ಬಾಸ್ಟನ್ ನಗರದ ಪಶ್ಚಿಮಕ್ಕೆ ಹತ್ತು ಕಿಲೋಮೀಟರ್ ದೂರದಲ್ಲಿರುವ ವಾಟರ್‌ಟೌನ್ ಎಂಬ ಊರಿನಲ್ಲಿ, ಒಬ್ಬ ನಿವೃತ್ತ ನರ್ಸಮ್ಮನ ಅಡುಗೆಮನೆಯ ಮೇಜಿನ ಮುಂದೆ ಕೂತು, ಅಡುಗೆ ಪುಸ್ತಕವೊಂದರ ತಪ್ಪು ತಿದ್ದುತ್ತಾ ರಜೆಯ ಒಳ್ಳೆಯ ಭಾಗವನ್ನು ಕಳೆದೆ. ‘ಅದನ್ನು ಇಲ್ಲೇ ಮಾಡಬಹುದಿತ್ತಲ್ಲ, ಪೇಪರ್ ವ್ಯಾಲ್ಯುಯೇಷನ್‌ಗೆ ಹೋಗಿದ್ದರೆ ದುಡ್ಡಾದರೂ ಬರುತ್ತಿತ್ತು’ ಎಂದರು ನಮ್ಮ ಗಣಿತದ ಮೇಷ್ಟ್ರು. ಅವರಿಗೆ ಕೊಡಬೇಕಾದ ಉತ್ತರ ಸ್ವಲ್ಪ ಉದ್ದವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅದರ ಮೂಲ 1997ರಲ್ಲಿದೆ. ಆಗ ನಾನು ಅರಸೀಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬಳು ಹುಡುಗಿ ಸಂಜೆಯ ಸ್ಪೆಷಲ್ ಕ್ಲಾಸಿಗೆ ಮಾತ್ರ ಬರುತ್ತಿರಲಿಲ್ಲ. ಬಂದರೂ ಬಾಗಿಲ ಹತ್ತಿರ ಎಡವುತ್ತಿದ್ದಳು. ಸೋಮಾರಿ ಎಂದುಕೊಂಡೆ. ಅದೇ ವರ್ಷ ಅದೇ ತರಗತಿಗೆ ಕಣ್ಣಿನ ಪಾಠ ಮಾಡಿದವನೂ ನಾನೇ. ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ, ಬಣ್ಣ ನೋಡಲು ಶಂಕು ಕೋಶ, ಮಬ್ಬು ಬೆಳಕಿನಲ್ಲಿ ನೋಡಲು ದಂಡ ಕೋಶ, ದಂಡ ಕೋಶ ಕೆಟ್ಟರೆ ಇರುಳುಗುರುಡು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಚಿತ್ರದಿಂದ ನಾಲ್ಕು ಅಡಿ ದೂರದಲ್ಲಿ ಆ ಮಗುವಿನ ದಂಡ ಕೋಶಗಳು ಒಂದೊಂದಾಗಿ ಸಾಯುತ್ತಿದ್ದವು. ನನಗೆ ಹೊಳೆಯಲಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಹೆಸರು ಎರಡು ವರ್ಷದ ಮೇಲೆ ಬೆಂಗಳೂರಿನ ವೈದ್ಯರ ಚೀಟಿಯಲ್ಲಿ ಬಂತು. ಹತ್ತನೆಯ ತರಗತಿಯ ಪ್ರಯೋಗಗಳ ಹೊತ್ತಿಗೆ ಅವಳಿಗೆ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತಿತ್ತು. ಸ್ಪಿರಿಟ್ ದೀಪ ಹಚ್ಚುವ ದಿನ ನಾನು, ‘ನೀನು ಅಲ್ಲೇ ಕೂತಿರಮ್ಮ, ಬೇರೆಯವರು ಮಾಡಿದ್ದನ್ನು ಬರೆದುಕೋ, ಮಾರ್ಕ್ಸ್ ಕೊಡ್ತೀನಿ’ ಎಂದೆ. ಕರುಣೆಯಿಂದಲೇ ಹೇಳಿದ್ದು. ಮಾರ್ಕ್ಸನ್ನೂ ಕೊಟ್ಟೆ.

ಆಕೆ ಈಗ ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ. ದೃಷ್ಟಿ ಪೂರ್ತಿ ಹೋಗಿದೆ. ಮಾತನಾಡುವ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ, ಒಬ್ಬಳೇ ಮನೆ ಮಾಡಿಕೊಂಡಿದ್ದಾಳೆ. ನಾನು ಬಾಸ್ಟನ್ ಕಡೆ ಹೊರಟ ಸುದ್ದಿ ಹಳೆಯ ವಿದ್ಯಾರ್ಥಿಗಳ ಬಾಯಿಂದ ತಿಳಿದು ಫೋನ್ ಮಾಡಿದಳು. ‘ಸಾರ್, ಅಲ್ಲಿ ಕಣ್ಣಿಲ್ಲದವರಿಗೆ ಅಡುಗೆ ಪುಸ್ತಕ ಮಾಡಿಕೊಡೋ ಜನ ಇದ್ದಾರಂತೆ. ಹೇಗೆ ಮಾಡ್ತಾರೆ ಅಂತ ನೋಡಿಕೊಂಡು ಬನ್ನಿ. ಪುಸ್ತಕ ಬೇಡ, ಹೇಗೆ ಮಾಡ್ತಾರೆ ಅನ್ನೋದು ಬೇಕು.’ ಯಾಕಮ್ಮ ಎಂದು ಕೇಳಿದ್ದಕ್ಕೆ ‘ಬಂದ ಮೇಲೆ ಹೇಳ್ತೀನಿ’ ಎಂದಳು.

ವಾಟರ್‌ಟೌನ್ ದೊಡ್ಡ ಊರೇನಲ್ಲ. ಚಾರ್ಲ್ಸ್ ನದಿ ಊರನ್ನು ಒರೆಸಿಕೊಂಡಂತೆ ಹರಿಯುತ್ತದೆ. ನದಿ ಎಂದರೆ ನಮ್ಮ ಹೇಮಾವತಿಗಿಂತ ಹೆಚ್ಚಿನದನ್ನು ಊಹಿಸಿಕೊಳ್ಳಬೇಡಿ. ಬೀದಿಗಳ ತುಂಬ ಮರದ ಮನೆಗಳು, ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ನಾವು ಹೋದಾಗ ಏಪ್ರಿಲ್. ನಮ್ಮಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಕಾಲ, ಅಲ್ಲಿ ಮರಗಳಿಗೆ ಇನ್ನೂ ಎಲೆಯಿಲ್ಲ. ಮೌಂಟ್ ಆಬರ್ನ್ ಬೀದಿಯಲ್ಲಿ ಅರ್ಮೇನಿಯದವರ ಅಂಗಡಿಗಳಿವೆ. ನೂರು ವರ್ಷಕ್ಕೂ ಹಿಂದೆ ದೇಶಬಿಟ್ಟು ಬಂದು ಇಲ್ಲಿಯ ರಬ್ಬರ್ ಕಾರ್ಖಾನೆಯಲ್ಲಿ ದುಡಿದವರ ಮೊಮ್ಮಕ್ಕಳು. ನನ್ನ ಹೆಂಡತಿಗೆ ಅವರ ಅಂಗಡಿಯಲ್ಲಿ ಕೊತ್ತಂಬರಿ ಬೀಜ, ಜೀರಿಗೆ, ತೊಗರಿಯಂಥ ಯಾವುದೋ ಬೇಳೆ ಎಲ್ಲ ಸಿಕ್ಕಿ, ಅಮೆರಿಕದ ಮೇಲೆ ಮೊದಲ ಬಾರಿಗೆ ಗೌರವ ಬಂತು.

ನದಿಯ ದಂಡೆಯಲ್ಲಿ ಒಂದು ಕಾಲುದಾರಿಯಿದೆ. ಅದರ ಒಂದು ತುಣುಕಿಗೆ ಬ್ರೈಲ್ ದಾರಿ ಎಂದು ಹೆಸರು. 2016ರಲ್ಲಿ ಆದದ್ದು. ಕಂಬದಿಂದ ಕಂಬಕ್ಕೆ ತಂತಿ ಎಳೆದಿದ್ದಾರೆ. ಕಾಣದವರು ತಂತಿ ಹಿಡಿದು ನಡೆಯಬಹುದು, ಅಲ್ಲಲ್ಲಿ ಬ್ರೈಲ್ ಫಲಕಗಳನ್ನು ಬೆರಳಿಂದ ಓದಬಹುದು. ನಾನೂ ಕಣ್ಣು ಮುಚ್ಚಿ ತಂತಿ ಹಿಡಿದು ನಡೆದೆ. ಇಪ್ಪತ್ತು ಹೆಜ್ಜೆಯಾಗುವಷ್ಟರಲ್ಲಿ ಕಣ್ಣು ತಾನಾಗಿ ತೆರೆದುಕೊಂಡಿತು. ಹಿಂದೆ ಬರುತ್ತಿದ್ದ ಮಗ, ‘ಅಪ್ಪ, ಚೀಟಿಂಗ್’ ಎಂದ.

ಈ ದಾರಿ ಇಲ್ಲೇ ಯಾಕೆ ಎಂದರೆ ಹತ್ತಿರದಲ್ಲೇ ಪರ್ಕಿನ್ಸ್ ಅಂಧರ ಶಾಲೆಯಿದೆ. ಅಮೆರಿಕದ ಮೊಟ್ಟಮೊದಲ ಅಂಧರ ಶಾಲೆ. 1829ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾಗಿ 1912ರಲ್ಲಿ ವಾಟರ್‌ಟೌನಿಗೆ ಬಂತು. ಹೆಲೆನ್ ಕೆಲರ್ ಬಾಲಕಿಯಾಗಿ ಬಂದದ್ದು, ಆಕೆಯ ಗುರು ಆನ್ ಸಲಿವನ್ ಓದಿದ್ದು ಇದೇ ಶಾಲೆಯಲ್ಲಿ. (ನಮ್ಮವರು ತೀರಾ ಹಿಂದೆ ಬಿದ್ದಿರಲಿಲ್ಲ ಎಂಬುದೂ ತಿಳಿದಿರಲಿ. ಮೈಸೂರಿನಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ 1901ರಲ್ಲೇ ಆರಂಭವಾಗಿತ್ತು.) ಶಾಲೆಯೊಳಗೊಂದು ವಸ್ತುಸಂಗ್ರಹಾಲಯವಿದೆ. ಅಲ್ಲಿ 1837ರಲ್ಲಿ ಮರದಿಂದ ಮಾಡಿದ ಭೂಗೋಲವೊಂದಿದೆ, ಸುತ್ತಳತೆ 13 ಅಡಿ. ಮಕ್ಕಳೇ, ಅದರ ವ್ಯಾಸ ಎಷ್ಟೆಂದು ಮುಂದೆ ಓದುವ ಮೊದಲೇ ಲೆಕ್ಕ ಹಾಕಿ. ಬೆಟ್ಟಸಾಲುಗಳು ಬೆರಳಿಗೆ ತಗಲುವಂತೆ ಉಬ್ಬಿವೆ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹಳೆಯ ಪುಸ್ತಕಗಳು. ಶಾಲೆಯ ಮೊದಲ ನಿರ್ದೇಶಕ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್ 1830ರ ದಶಕದಲ್ಲಿ ತಾನೇ ಒಂದು ಲಿಪಿ ರೂಪಿಸಿದ. ಮಾಮೂಲಿ ಇಂಗ್ಲಿಷ್ ಅಕ್ಷರಗಳನ್ನೇ ಸ್ವಲ್ಪ ಕೋನವಾಗಿಸಿ ಕಾಗದದ ಮೇಲೆ ಉಬ್ಬಿಸಿದ ಮುದ್ರಣ ಅದು. ನೋಡಲು ಬಲು ಚಂದ. ಕಣ್ಣಿರುವ ಶಿಕ್ಷಕರು, ಪೋಷಕರು, ದಾನಿಗಳು ಎಲ್ಲರೂ ಸುಲಭವಾಗಿ ಓದಬಹುದಿತ್ತು. ಓದಲು ಕಷ್ಟಪಟ್ಟವರು ಅಂಧ ಮಕ್ಕಳು ಮಾತ್ರ. ಅಷ್ಟರಲ್ಲಾಗಲೇ, 1829ರಲ್ಲೇ, ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ಅಂಧ ಯುವಕ ಲೂಯಿ ಬ್ರೈಲ್ ಆರು ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿಯಾಗಿತ್ತು. ಆದರೂ ಹೋವ್ ಮಹಾಶಯನ ಅಕ್ಷರಗಳು ದಶಕಗಳ ಕಾಲ ನಡೆದವು. ಕಾಣುವವನಿಗೆ ಒಪ್ಪುವ ಏರ್ಪಾಡನ್ನು ಕಾಣದವನ ಉಪಕಾರಕ್ಕೆಂದು ಮಾಡುವ ಮೇಷ್ಟ್ರು ನಾನೊಬ್ಬನೇ ಅಲ್ಲ ಎಂದು ಅಲ್ಲಿ ನಿಂತು ಅಂದುಕೊಂಡೆ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಅಲ್ಲೇ ಪರ್ಕಿನ್ಸ್ ಬ್ರೈಲರ್ ಎಂಬ ಬೆರಳಚ್ಚು ಯಂತ್ರವನ್ನೂ ಮುಟ್ಟಿ ನೋಡಿದೆ. ಇದೇ ಶಾಲೆಯ ಮರಗೆಲಸದ ಮೇಷ್ಟ್ರು ಡೇವಿಡ್ ಅಬ್ರಹಾಂ ರೂಪಿಸಿ 1951ರಲ್ಲಿ ಹೊರಬಂದದ್ದು. ಆರು ಚುಕ್ಕೆಗೆ ಆರು ಕೀಲಿ, ಜಾಗ ಬಿಡಲು ಒಂದು. ಐದು ಕಿಲೋ ತೂಕದ ಗಟ್ಟಿ ಪಿಂಡ. ಇದು ನಮ್ಮ ಪಕ್ಕದ ತಮಿಳುನಾಡಿನ ಕಾಟ್ಪಾಡಿಯಲ್ಲೂ ತಯಾರಾಗಿದೆ ಎಂದು ತಿಳಿದಾಗ ಹೆಮ್ಮೆಯೆನಿಸಿತು.

ಆರು ಚುಕ್ಕೆಗಳಲ್ಲಿ ಪ್ರತಿಯೊಂದೂ ಇರಬಹುದು ಅಥವಾ ಇಲ್ಲದಿರಬಹುದು. ಎಂದರೆ ಎರಡರ ಆರನೆಯ ಘಾತ, 64. ಖಾಲಿ ಮನೆ ಬಿಟ್ಟರೆ 63. ಇಷ್ಟರಲ್ಲೇ ಅಕ್ಷರ, ಅಂಕಿ, ಚಿಹ್ನೆ ಎಲ್ಲವೂ ಆಗಬೇಕು. ಸಾಮಾನ್ಯವಾಗಿ ಒಂದು ಬ್ರೈಲ್ ಪುಟದಲ್ಲಿ 25 ಸಾಲು, ಸಾಲಿಗೆ 40 ಮನೆ, ಒಟ್ಟು ಸಾವಿರ. ನಾವು ಓದುವ ಅಡುಗೆ ಪುಸ್ತಕದ ಒಂದು ಪುಟದಲ್ಲಿ ಎರಡೂವರೆ ಸಾವಿರ ಅಕ್ಷರ ಎಂದಿಟ್ಟುಕೊಂಡರೆ ನಮ್ಮ ಒಂದು ಪುಟ ಅವರಿಗೆ ಎರಡೂವರೆ ಪುಟ. ಆರುನೂರು ಪುಟದ ಪುಸ್ತಕಕ್ಕೆ ಸಾವಿರದೈನೂರು. ಹಾಳೆಯ ಎರಡೂ ಬದಿಗೆ ಒತ್ತಿದರೂ ಏಳುನೂರೈವತ್ತು ಹಾಳೆ. ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ನೂರು ಹಾಳೆಗೊಂದರಂತೆ ಕಟ್ಟಿದರೆ ಏಳೆಂಟು ಸಂಪುಟ. ಈಗ ಒಗ್ಗರಣೆ ಸೀಯುತ್ತಿರುವಾಗ ಐದನೆಯ ಸಂಪುಟ ಹುಡುಕುವುದನ್ನು ಕಲ್ಪಿಸಿಕೊಳ್ಳಿ! ಸಾಲದ್ದಕ್ಕೆ ಒದ್ದೆ ಕೈ ತಗಲಿದರೆ ಕಾಗದದ ಚುಕ್ಕೆ ಮೆತ್ತಗಾಗಿ ಅಳಿಸಿಹೋಗುತ್ತದೆ. ಅದಕ್ಕೇ ಕಾಗದದ ಮೂಲಪ್ರತಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯಿಟ್ಟು, ಕಾಯಿಸಿ, ಗಾಳಿ ಹೀರಿ ಚುಕ್ಕೆಗಳ ಅಚ್ಚು ತೆಗೆಯುವ ಥರ್ಮೋಫಾರ್ಮ್ ಎಂಬ ವಿಧಾನ ಅಡುಗೆ ಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ. ಎಣ್ಣೆ ಹತ್ತಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಇಂಥ ಪುಸ್ತಕಗಳನ್ನು ಮೊದಲ ಮಹಾಯುದ್ಧದ ನಂತರದ ಕಾಲದಿಂದಲೂ ಅಮೆರಿಕದಲ್ಲಿ ಬಹುಪಾಲು ಸ್ವಯಂಸೇವಕರೇ ಮಾಡಿಕೊಂಡು ಬಂದರು. ಅದರಲ್ಲೂ ಗೃಹಿಣಿಯರು. ಬ್ರೈಲ್ ಕಲಿತು, ಅಲ್ಲಿಯ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ಪರೀಕ್ಷೆ ಪಾಸುಮಾಡಿ, ಮನೆಯ ಊಟದ ಮೇಜಿನ ಮೇಲೆ ಯಂತ್ರವಿಟ್ಟುಕೊಂಡು ಪುಟಪುಟವಾಗಿ ಒತ್ತುತ್ತಿದ್ದರು. ಬಾಸ್ಟನ್ನಿನಲ್ಲಿ 1927ರಲ್ಲಿ ಆರಂಭವಾದ ನ್ಯಾಷನಲ್ ಬ್ರೈಲ್ ಪ್ರೆಸ್ ಎಂಬ ಸಂಸ್ಥೆ ಈಗಲೂ ಬ್ರೈಲ್ ಪುಸ್ತಕಗಳನ್ನು ಅಚ್ಚು ಪುಸ್ತಕದ ಬೆಲೆಗೇ ಮಾರುತ್ತದೆ, ಅವುಗಳಲ್ಲಿ ಅಡುಗೆಯವೂ ಇವೆ.

ಇದೆಲ್ಲ ಸರಿ, ‘ಹೇಗೆ ಮಾಡ್ತಾರೆ’ ಎಂಬುದನ್ನು ಮ್ಯೂಸಿಯಂ ಹೇಳಲಿಲ್ಲ. ಅದು ತಿಳಿದದ್ದು ಮಗನ ಮನೆಯ ಮೇಲಂತಸ್ತಿನಲ್ಲಿ.

ಅಲ್ಲಿ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ನರ್ಸ್ ಇದ್ದರು. ಹೆಂಡತಿ ಕೊಟ್ಟುಕಳಿಸಿದ ಕೋಸಂಬರಿಯೊಂದಿಗೆ ಮೊದಲ ಸಲ ಹೋದಾಗ ಅವರ ಮೇಜಿನ ಮೇಲೆ ಬೆನ್ನು ಕತ್ತರಿಸಿದ ಪುಸ್ತಕವೊಂದು ಬಿಡಿ ಹಾಳೆಗಳಾಗಿ ಬಿದ್ದಿತ್ತು. ಮೇಷ್ಟ್ರ ಕರುಳು ಚುರ್ ಎಂದಿತು. ಕೇಳಿದ್ದಕ್ಕೆ ಅವರು ನಕ್ಕು, ‘ಒಂದು ಪುಸ್ತಕವನ್ನು ಕೊಯ್ದರೆ ಸಾವಿರ ಜನ ಓದುತ್ತಾರೆ’ ಎಂದರು. ಅವರು ಹಲವು ವರ್ಷ ಬುಕ್‌ಶೇರ್ ಎಂಬ ಗ್ರಂಥಾಲಯಕ್ಕೆ ಸ್ವಯಂಸೇವಕರಾಗಿ ದುಡಿದವರು. ಬುಕ್‌ಶೇರ್ 2002ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾಯಿತು. ಸ್ಥಾಪಕ ಜಿಮ್ ಫ್ರುಕ್ಟರ್‌ಮನ್ ಎಂಬ ಎಂಜಿನಿಯರ್, ಅದಕ್ಕೂ ಮೊದಲು ಅಂಧರಿಗೆ ಪುಸ್ತಕ ಓದಿ ಹೇಳುವ ಯಂತ್ರಗಳನ್ನು ಮಾಡುತ್ತಿದ್ದವರು. ಒಂದೇ ಪುಸ್ತಕವನ್ನು ಊರೂರಿನಲ್ಲಿ ಬೇರೆ ಬೇರೆ ಅಂಧರು ಪ್ರತ್ಯೇಕವಾಗಿ ಸ್ಕ್ಯಾನ್ ಮಾಡುವುದರ ಬದಲು ಒಬ್ಬರು ಮಾಡಿದ್ದನ್ನು ಎಲ್ಲರೂ ಹಂಚಿಕೊಂಡರೇನು ಎಂಬುದು ಅವರ ಯೋಚನೆ. ಹದಿಹರೆಯದ ಮಗ ನ್ಯಾಪ್‌ಸ್ಟರ್‌ನಲ್ಲಿ ಹಾಡು ಹಂಚಿಕೊಳ್ಳುವುದನ್ನು ತೋರಿಸಿದಾಗ ಇದು ಹೊಳೆಯಿತಂತೆ. ಮಕ್ಕಳು ಕಂಪ್ಯೂಟರ್ ಮುಂದೆ ಕೂತರೆ ಹಾಳಾಗುತ್ತಾರೆನ್ನುವ ಪೋಷಕರು ಇದನ್ನು ಗಮನಿಸಬಹುದು. (ಗಮನಿಸಿ ಸುಮ್ಮನಾಗಿ, ಮಕ್ಕಳಿಗೆ ಹೇಳಬೇಡಿ.)

ಕೆಲಸ ಹೀಗೆ. ಪುಟದ ಚಿತ್ರ ತೆಗೆದರೆ ಅದು ಚಿತ್ರ ಮಾತ್ರ, ಕಂಪ್ಯೂಟರ್ ಅದನ್ನು ಓದಿ ಹೇಳಲಾರದು. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಒಂದು ತಂತ್ರಾಂಶ ಬೇಕು. ಆಮೇಲೆ ಒಬ್ಬ ಮನುಷ್ಯ ಕೂತು ಸಾಲುಸಾಲಾಗಿ ಮೂಲದೊಂದಿಗೆ ಹೋಲಿಸಿ ತಿದ್ದಬೇಕು. ಹಾಗೆ ಶುದ್ಧವಾದ ಪಠ್ಯ ಸಿಕ್ಕಿತೆಂದರೆ ಮಾತಾಗಿಯೂ ಕೇಳಬಹುದು, ಬ್ರೈಲ್ ಆಗಿಯೂ ಓದಬಹುದು. ಕಾದಂಬರಿಯಾದರೆ ತಪ್ಪುಗಳು ಹೆಚ್ಚಿಲ್ಲ, ಇದ್ದರೂ ಓದುಗ ಊಹಿಸಿಕೊಳ್ಳುತ್ತಾನೆ. ಅಡುಗೆ ಪುಸ್ತಕಕ್ಕೆ ಸ್ವಯಂಸೇವಕರು ಹೆದರುತ್ತಾರಂತೆ. ಅದರ ಜೀವವೆಲ್ಲ ಅಂಕಿಗಳಲ್ಲಿದೆ, ಯಂತ್ರ ಎಡವುವುದೂ ಅಂಕಿಗಳಲ್ಲೇ.

ಅವರು ತೋರಿಸಿದ ಉದಾಹರಣೆಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಒಲೆಯ ಶಾಖ 350 ಡಿಗ್ರಿ ಫ್ಯಾರನ್‌ಹೀಟ್ ಎಂದಿರುತ್ತದೆ. ಡಿಗ್ರಿಯ ಪುಟ್ಟ ಸೊನ್ನೆಯನ್ನು ಯಂತ್ರ ಅಂಕಿಯೆಂದೇ ತಿಳಿದು 3500 ಎಂದು ಬರೆಯುತ್ತದೆ. ಅದು ಕಬ್ಬಿಣ ಕರಗುವ ಶಾಖ! ಒಂದರ ಕೆಳಗೆ ಎರಡು ಬರೆದ ಅರ್ಧದ ಚಿಹ್ನೆ ‘ವಿ ಎರಡು’ ಎಂದಾಗುತ್ತದೆ. ನಡುವಿನ ಓರೆಗೆರೆ ಒಂದಾಗಿಬಿಟ್ಟರೆ ಅರ್ಧ ಬಟ್ಟಲು 112 ಬಟ್ಟಲಾಗುತ್ತದೆ. ಮುಕ್ಕಾಲಿನ ಚಿಹ್ನೆ ಶೇಕಡಾ ಚಿಹ್ನೆಯಾಗಿ ಬರುತ್ತದೆ. ಹಳೆಯ ಪುಸ್ತಕಗಳಲ್ಲಿ ದೊಡ್ಡ ಚಮಚಕ್ಕೆ ದೊಡ್ಡ ಟಿ ಅಕ್ಷರ, ಟೀ ಚಮಚಕ್ಕೆ ಚಿಕ್ಕ ಟಿ ಅಕ್ಷರ ಬಳಸುವ ಪದ್ಧತಿಯಿತ್ತು. ಮಾತನಾಡುವ ಕಂಪ್ಯೂಟರ್ ಎರಡನ್ನೂ ‘ಟೀ’ ಎಂದೇ ಓದಿದರೆ ಕೇಳುವವರಿಗೆ ತಿಳಿಯುವುದು ಹೇಗೆ? ಒಂದು ದೊಡ್ಡ ಚಮಚಕ್ಕೆ ಮೂರು ಟೀ ಚಮಚ. ಉಪ್ಪು ಮೂರು ಪಟ್ಟಾದರೆ ಮುಗಿಯಿತು ಕಥೆ. ಬ್ರೈಲಿನಲ್ಲಾದರೆ ದೊಡ್ಡಕ್ಷರದ ಮುಂದೆ ಆರನೆಯ ಚುಕ್ಕೆ ಇರುತ್ತದೆ, ಬೆರಳು ಮೋಸಹೋಗುವುದಿಲ್ಲ. ‘ಔಷಧದ ಚೀಟಿ ಓದಿ ಓದಿ ಅಭ್ಯಾಸ, ಅದಕ್ಕೇ ನನಗೆ ಅಡುಗೆ ಪುಸ್ತಕ ಕೊಡುತ್ತಿದ್ದರು’ ಎಂದರು ನರ್ಸಮ್ಮ.

ಅಂಕಿ ತಿದ್ದಿದರೂ ಕೆಲಸ ಮುಗಿಯುವುದಿಲ್ಲ. ಎರಡು ಕಾಲಮ್ಮಿನಲ್ಲಿ ಅಚ್ಚಾದ ಸಾಮಾನಿನ ಪಟ್ಟಿಯನ್ನು ಯಂತ್ರ ಅಡ್ಡಕ್ಕೆ ಓದಿ ಬೆಣ್ಣೆಯ ಅಳತೆಯನ್ನು ಈರುಳ್ಳಿಗೆ ಕೊಟ್ಟಿರುತ್ತದೆ. ಅದನ್ನು ಬಿಡಿಸಿ ಒಂದು ಸಾಲಿಗೆ ಒಂದೇ ಸಾಮಾನು ಬರುವಂತೆ ಮಾಡಬೇಕು. ಪ್ರತಿ ಅಡುಗೆಯ ಹೆಸರನ್ನೂ ಶೀರ್ಷಿಕೆಯೆಂದು ಗುರುತು ಹಾಕಬೇಕು, ಆಗ ಓದುಗರು ಒಂದು ಕೀಲಿ ಒತ್ತಿ ಅಡುಗೆಯಿಂದ ಅಡುಗೆಗೆ ಹಾರಬಹುದು. ಚಿತ್ರವಿದ್ದರೆ ಅದರಲ್ಲೇನಿದೆಯೆಂದು ಒಂದೆರಡು ಮಾತಿನಲ್ಲಿ ಬರೆಯಬೇಕು. ಆದರೆ ಲೇಖಕರ ಒಂದು ಪದವನ್ನೂ ಬದಲಿಸುವಂತಿಲ್ಲ. ‘ಹೊಂಬಣ್ಣ ಬರುವವರೆಗೆ ಹುರಿಯಿರಿ’ ಎಂದು ಬರೆದಿದ್ದರೆ ಹಾಗೇ ಇರಬೇಕು. ಇದು ನನಗೆ ವಿಚಿತ್ರವೆನಿಸಿತು. ಬಣ್ಣ ಕಾಣದವರಿಗೆ ಹೊಂಬಣ್ಣವೆಂದರೇನು ಪ್ರಯೋಜನ, ‘ನಾಲ್ಕು ನಿಮಿಷ’ ಎಂದು ತಿದ್ದಬಾರದೇ ಎಂದೆ. ‘ನಾವು ಪುಸ್ತಕ ಕೊಡುವವರು, ಪಾಠ ಹೇಳುವವರಲ್ಲ’ ಎಂದರು. ಮೇಷ್ಟ್ರಿಗೆ ಹೇಳಬಾರದ ಮಾತು. ಆದರೂ ಕೇಳಿಸಿಕೊಂಡೆ.

ನಾನೂ ಕೈಜೋಡಿಸುತ್ತೇನೆಂದಾಗ ಹಕ್ಕುಸ್ವಾಮ್ಯ ಎಂದೋ ಮುಗಿದ ಒಂದು ಪುಸ್ತಕದ ಐವತ್ತು ಪುಟ ಕೊಟ್ಟರು. ಅವರು ಅದನ್ನು ತಮ್ಮ ಅಂಧ ಗೆಳತಿಗಾಗಿ ಶುದ್ಧಪಡಿಸುತ್ತಿದ್ದರು. ಫ್ಯಾನಿ ಫಾರ್ಮರ್ ಎಂಬಾಕೆ ಬಾಸ್ಟನ್ನಿನಲ್ಲಿ 1896ರಲ್ಲಿ ಪ್ರಕಟಿಸಿದ, ಆ ಊರಿನ ಅಡುಗೆ ಶಾಲೆಯ ಪುಸ್ತಕ. ಈ ಫ್ಯಾನಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಹದಿನಾರರ ಹರೆಯದಲ್ಲಿ ಪಾರ್ಶ್ವವಾಯು ಬಡಿದು ಓದು ನಿಂತಿತು. ಕುಂಟುತ್ತಲೇ ಅಡುಗೆ ಕಲಿತು, ಅಡುಗೆ ಶಾಲೆ ಸೇರಿ, ಕೊನೆಗೆ ಅದರ ಮುಖ್ಯಸ್ಥೆಯಾದಳು. ಪುಸ್ತಕ ಮಾರಾಟವಾಗುವ ನಂಬಿಕೆಯಿಲ್ಲದೆ ಪ್ರಕಾಶಕರು ಮೊದಲ 3000 ಪ್ರತಿಗಳ ಖರ್ಚನ್ನು ಆಕೆಯಿಂದಲೇ ಹಾಕಿಸಿದರು. ಆಮೇಲೆ ಅದು ಲಕ್ಷಗಟ್ಟಲೆ ಮಾರಿತು. ಅದುವರೆಗೆ ಅಲ್ಲಿಯ ಪುಸ್ತಕಗಳೂ ನಮ್ಮ ಅಜ್ಜಿಯರಂತೆ ‘ಮೊಟ್ಟೆ ಗಾತ್ರದ ಬೆಣ್ಣೆ’ ಎಂಬಂಥ ಅಳತೆ ಹೇಳುತ್ತಿದ್ದವು. ಫ್ಯಾನಿ ಬಟ್ಟಲು, ಚಮಚಗಳನ್ನು ತುಂಬಿ, ಚಾಕುವಿನ ಬೆನ್ನಿನಿಂದ ಸಮನಾಗಿ ಸವರಿ ಅಳೆಯಬೇಕೆಂದು ಪಟ್ಟುಹಿಡಿದಳು. ಪ್ರಯೋಗಶಾಲೆಯ ಶಿಸ್ತು. ಆಕೆಯ ಬಗ್ಗೆ ನನಗೆ ಸಹೋದ್ಯೋಗಿಯ ಪ್ರೀತಿ ಹುಟ್ಟಿತು.

ಮೂರು ದಿನ ಕೂತು ತಿದ್ದಿದೆ. ಶೇಕಡಾ ಚಿಹ್ನೆಗಳನ್ನೆಲ್ಲ ಮುಕ್ಕಾಲು ಮಾಡಿದೆ, 3500ಗಳನ್ನು 350 ಮಾಡಿದೆ. ಇಪ್ಪತ್ತೆಂಟು ತಪ್ಪು ಹಿಡಿದು ಗರ್ವದಿಂದ ಒಪ್ಪಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಐದೂವರೆ ಚಮಚ ಉಪ್ಪೇ?’ ಎಂದರು. 11/2 ಎಂದಿತ್ತು. ಒಂದು ಮತ್ತು ಒಂದರ ಕೆಳಗೆ ಎರಡರ ನಡುವೆ ಇರಬೇಕಾದ ಜಾಗ ಮಾಯವಾಗಿತ್ತು. ನನ್ನ ಕಣ್ಣು ಅದನ್ನು ಒಂದೂವರೆಯೆಂದೇ ಓದಿ ಮುಂದೆ ಹೋಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಮಿಶ್ರ ಭಿನ್ನರಾಶಿ, ವಿಷಮ ಭಿನ್ನರಾಶಿ ಎಂದು ಬೋಧಿಸಿದವನು ನಾನು! ಕಣ್ಣು ತನಗೆ ಬೇಕಾದ್ದನ್ನು ನೋಡಿಬಿಡುತ್ತದೆ. ಕಂಪ್ಯೂಟರಿನ ಧ್ವನಿ ಮಾತ್ರ ಇದ್ದದ್ದನ್ನೇ ಓದುತ್ತದೆ. ಆ ಸಾಲನ್ನು ಅವರ ಗೆಳತಿಯಾಗಿದ್ದರೆ ಅರೆಕ್ಷಣದಲ್ಲಿ ಹಿಡಿಯುತ್ತಿದ್ದರು ಎಂದರು. ಕೊನೆಯ ತಿದ್ದುಪಡಿ ಅವರದೇ ಅಂತೆ.

ಆ ಗೆಳತಿ ಮಾರನೆಯ ಶನಿವಾರ ಬಂದರು. ಹುಟ್ಟಿನಿಂದ ದೃಷ್ಟಿಯಿಲ್ಲ. ಮಡಿಲ ಮೇಲೆ ಉದ್ದನೆಯ ಪೆಟ್ಟಿಗೆಯೊಂದಿತ್ತು. ಅದರ ಮೇಲ್ಭಾಗದಲ್ಲಿ ಸಣ್ಣ ಮೊಳೆಗಳು ಮೇಲೆದ್ದು ಕೆಳಗಿಳಿದು ಒಂದು ಸಾಲು ಬ್ರೈಲ್ ಮೂಡಿಸುತ್ತವೆ. ಓದಿ ಗುಂಡಿ ಒತ್ತಿದರೆ ಮುಂದಿನ ಸಾಲು. ಏಳೆಂಟು ಸಂಪುಟದ ಪುಸ್ತಕ ಅದರೊಳಗೆ ಒಂದು ಮೂಲೆಯಲ್ಲಿ ಅಡಗಿರುತ್ತದೆ. ‘ನಿಮ್ಮ ಪುಟಗಳನ್ನು ಪರೀಕ್ಷೆ ಮಾಡೋಣ’ ಎಂದು ಅವರು ಬ್ರೌನ್ ಬ್ರೆಡ್ ಮಾಡಲು ನಿಂತರು. ಇದು ಬಾಸ್ಟನ್ನಿನ ಹಳೆಯ ತಿಂಡಿ. ಬ್ರೆಡ್ಡೆಂದರೂ ಬೇಯಿಸುವುದು ಹಬೆಯಲ್ಲಿ, ಡಬ್ಬದೊಳಗೆ ಹಿಟ್ಟು ಸುರಿದು, ನಮ್ಮ ಕಡುಬಿನಂತೆ! ರೈ, ಮೆಕ್ಕೆಜೋಳ, ಗೋಧಿ ಮೂರೂ ಹಿಟ್ಟು ಒಂದೊಂದು ಬಟ್ಟಲು, ಹುಳಿ ಹಾಲು, ಬೆಲ್ಲದ ಪಾಕದಂಥ ಮೊಲಾಸಿಸ್, ಮುಕ್ಕಾಲು ದೊಡ್ಡ ಚಮಚ ಸೋಡಾ. ಹುಳಿ ಹಾಲಿನ ಆಮ್ಲ ಸೋಡಾದೊಂದಿಗೆ ವರ್ತಿಸಿ ಇಂಗಾಲದ ಡೈ ಆಕ್ಸೈಡ್ ಬಿಟ್ಟು ಹಿಟ್ಟು ಉಬ್ಬುತ್ತದೆ. ಸೋಡಾ ಹೆಚ್ಚಾದರೆ ಉಳಿದದ್ದು ಕಾದು ಸೋಡಿಯಂ ಕಾರ್ಬನೇಟ್ ಆಗಿ ಸಾಬೂನಿನ ರುಚಿ ಬರುತ್ತದೆ. ಈ ಮುಕ್ಕಾಲು ಶೇಕಡಾ ಚಿಹ್ನೆಯಾಗಿತ್ತು, ತಿದ್ದಿದವನು ನಾನು. ಆದ್ದರಿಂದ ಪರೀಕ್ಷೆಯ ದಿನದ ಹುಡುಗನಂತೆ ನಿಂತಿದ್ದೆ.

ಅವರ ಕೈಗಳು ಕೆಲಸ ಮಾಡಿದ ರೀತಿಯನ್ನು ಎಷ್ಟು ಬರೆದರೂ ಸಾಲದು. ಚಮಚಗಳ ಹಿಡಿಯನ್ನು ಬಾಗಿಸಿ ಸೌಟಿನಂತೆ ಮಾಡಿಕೊಂಡಿದ್ದರು, ಡಬ್ಬದಲ್ಲಿ ನೆಟ್ಟಗೆ ಅದ್ದಿ ತೆಗೆಯಲು. ತುಂಬಿದ ಚಮಚದ ಮೇಲೆ ಚಾಕುವಿನ ಬೆನ್ನೆಳೆದು ಸಮ ಮಾಡಿದರು. ಫ್ಯಾನಿ ಫಾರ್ಮರಳ ಅಳತೆ ಕಣ್ಣಿಗಿಂತ ಬೆರಳಿಗೇ ಒಪ್ಪುತ್ತದಲ್ಲ ಎಂದು ಆಗ ಹೊಳೆಯಿತು. ಒಲೆಯ ತಿರುಗಣೆಯ ಮೇಲೆ ಅಂಟಿಸಿದ ಉಬ್ಬು ಚುಕ್ಕೆಗಳು ಎಷ್ಟು ಉರಿಯೆಂದು ಹೇಳುತ್ತಿದ್ದವು. ಪಾತ್ರೆಯನ್ನು ಮೊದಲು ಒಲೆಯ ಮೇಲಿಟ್ಟು, ನಡುಮಧ್ಯೆ ಇದೆಯೇ ಎಂದು ಸುತ್ತಲೂ ಮುಟ್ಟಿ ನೋಡಿ, ಆಮೇಲೆ ಉರಿ ಹಚ್ಚಿದರು. ನಾವು ಉರಿ ಹಚ್ಚಿ ಪಾತ್ರೆ ಹುಡುಕುವವರು. ನೀರು ಕುದಿಯುವ ಮೊದಲು ತಳದಲ್ಲಿ ಏಳುವ ಸಣ್ಣ ಸದ್ದು, ಕುದಿ ಬಂದಾಗಿನ ದಪ್ಪ ಸದ್ದು, ಎರಡನ್ನೂ ಬೇರೆ ಬೇರೆ ಹೆಸರಿಟ್ಟು ಕರೆದರು. ಅವರು ಬೆಂಕಿ ಹಚ್ಚಿದ ಗಳಿಗೆಯಲ್ಲಿ ನನ್ನ ಕೈ ತಾನಾಗಿ ಮುಂದೆ ಹೋಯಿತು, ಪೆಟ್ಟಿಗೆ ಕಿತ್ತುಕೊಳ್ಳುವಂತೆ. ನರ್ಸಮ್ಮ ನನ್ನ ತೋಳು ಹಿಡಿದು ಹಿಂದಕ್ಕೆಳೆದರು. ಸ್ಪಿರಿಟ್ ದೀಪದ ಆ ದಿನ ನನ್ನ ತೋಳು ಹಿಡಿಯುವವರು ಯಾರೂ ಇರಲಿಲ್ಲ.

ಮೂರೂವರೆ ಗಂಟೆ ಬೆಂದ ಬ್ರೆಡ್ಡನ್ನು ಬೆಣ್ಣೆ ಹಚ್ಚಿ ತಿಂದೆವು. ಸಾಬೂನಿನ ರುಚಿ ಇರಲಿಲ್ಲ. ಹೆಂಡತಿ ಮಾತ್ರ ಚಿಟಿಕೆ ಏಲಕ್ಕಿ ಹಾಕಬಹುದಿತ್ತು ಎಂದಳು, ಕನ್ನಡದಲ್ಲಿ.

ಇಂಥ ಪುಸ್ತಕ ಮಾಡಲು ಪ್ರಕಾಶಕರ ಅನುಮತಿ ಬೇಡವೇ? ಅಮೆರಿಕದಲ್ಲಿ 1996ರ ಒಂದು ಕಾನೂನು ತಿದ್ದುಪಡಿ ಅಂಗೀಕೃತ ಸಂಸ್ಥೆಗಳಿಗೆ ಆ ತೊಡಕನ್ನು ತೆಗೆಯಿತು. ಭಾರತದಲ್ಲಿ 2012ರ ತಿದ್ದುಪಡಿ ಅದನ್ನೇ ಮಾಡಿತು. 2013ರಲ್ಲಿ ಮೊರಾಕೊ ದೇಶದ ಮರಾಕೇಶದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಿಂದ ದೇಶದಿಂದ ದೇಶಕ್ಕೆ ಇಂಥ ಪುಸ್ತಕ ಕಳಿಸುವ ದಾರಿಯೂ ತೆರೆಯಿತು. ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ, ಅಮೆರಿಕ 2019ರಲ್ಲಿ ಸೇರಿತು. ಇದನ್ನು ನಾನು ಹೇಳಿದಾಗ ಆ ಇಬ್ಬರು ಹೆಂಗಸರೂ ನನಗೆ ಇನ್ನೊಂದು ತುಂಡು ಬ್ರೆಡ್ ಹಾಕಿದರು. ನಮ್ಮಲ್ಲೂ 2016ರಿಂದ ಸುಗಮ್ಯ ಪುಸ್ತಕಾಲಯವೆಂಬ ಆನ್‌ಲೈನ್ ಗ್ರಂಥಾಲಯವಿದೆ, ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯಲ್ಲಿ ಸ್ವಯಂಸೇವಕರು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡುತ್ತಾ ಬಂದಿದ್ದಾರೆ.

ಊರಿಗೆ ಬಂದ ಮೇಲೆ ದಾವಣಗೆರೆಗೆ ಹೋದೆ. ನನ್ನ ನೋಟ್‌ಬುಕ್ಕನ್ನೆಲ್ಲ ಓದಿ ಹೇಳಿದೆ. ಆಕೆ ಒಳಗೆ ಹೋಗಿ ಒಂದು ಇನ್ನೂರು ಪುಟದ ಗೆರೆ ನೋಟ್‌ಬುಕ್ ತಂದು ಕೊಟ್ಟಳು. ಅವಳ ತಾಯಿ ಬರೆದದ್ದು. ತಾಯಿ 2021ರಲ್ಲಿ ತೀರಿಕೊಂಡರು. ಹುಳಿಪುಡಿ, ಮೆಂತ್ಯದ ಹಿಟ್ಟು, ಹಾಗಲಕಾಯಿ ಗೊಜ್ಜು, ಬಾಣಂತಿ ಖಾರ ಎಲ್ಲ ಇದೆ. ‘ಯಾರಾದ್ರೂ ಮನೆಗೆ ಬಂದ್ರೆ ಒಂದೊಂದು ಪುಟ ಓದಿಸ್ಕೋತೀನಿ ಸಾರ್. ಅವರು ಅರ್ಜೆಂಟಲ್ಲಿರ್ತಾರೆ, ಏನೋ ಬಿಟ್ಟುಬಿಡ್ತಾರೆ. ನಾನೇ ಓದ್ಕೋಬೇಕು.’ ಅದಕ್ಕೇ ‘ಹೇಗೆ ಮಾಡ್ತಾರೆ’ ಎಂಬುದು ಬೇಕಾಗಿತ್ತು.

ಕೈಬರಹದ ಕನ್ನಡ, ಅದೂ ಎಣ್ಣೆ ಬಿದ್ದದ್ದು. ಇಲ್ಲಿ ಯಂತ್ರದ ನೆಚ್ಚಿಕೆಯಿಲ್ಲ. ಅಚ್ಚಿನ ಕನ್ನಡವನ್ನೇ ಓದುವಾಗ ಅದು ಸೊನ್ನೆಯನ್ನೂ ಅನುಸ್ವಾರವನ್ನೂ ಒಂದೇ ಎಂದುಕೊಳ್ಳುತ್ತದೆ. ಆದ್ದರಿಂದ ನಾನೇ ಟೈಪು ಮಾಡುತ್ತಿದ್ದೇನೆ, ದಿನಕ್ಕೊಂದು ಪುಟ. ಮೊದಲ ಹತ್ತು ಪುಟ ಶಾಲೆಯ ಕಂಪ್ಯೂಟರಿನ ಹಳೆಯ ಫಾಂಟಿನಲ್ಲಿ ಹೊಡೆದು ಕಳಿಸಿದೆ. ಅವಳ ಕಂಪ್ಯೂಟರ್ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಡಬಡಿಸಿತಂತೆ. ಯುನಿಕೋಡಿನಲ್ಲಿರಬೇಕು ಎಂದಳು. ಮತ್ತೆ ಮೊದಲಿಂದ ಹೊಡೆದೆ. ಬ್ರೈಲಿನಲ್ಲೂ ಬೇಕೆಂದಾಗ ನಾನೂ ಸ್ವಲ್ಪ ಕಲಿತೆ. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಅಕ್ಕಿ ಎಂದರೆ ಐದು ಮನೆ: ಅ, ಒತ್ತಿನ ಸೂಚನೆಯಾಗಿ ನಾಲ್ಕನೆಯ ಚುಕ್ಕೆ, ಕ, ಮತ್ತೊಂದು ಕ, ಇ.

ಭಿನ್ನರಾಶಿಯ ತೊಂದರೆ ಇಲ್ಲಿಲ್ಲ. ಆ ತಾಯಿ ಕಾಲು, ಅರ್ಧ, ಮುಕ್ಕಾಲು ಎಂದು ಅಕ್ಷರದಲ್ಲೇ ಬರೆದಿದ್ದಾರೆ. ತೊಂದರೆಯೆಲ್ಲ ‘ಆ ಹಿತ್ತಾಳೆ ಲೋಟ’ದ್ದು. ಎಲ್ಲ ಅಳತೆಯೂ ಅದರಲ್ಲೇ. ಲೋಟ ಅವಳ ಹತ್ತಿರವೇ ಇದೆ. ನೀರು ತುಂಬಿ ಅಳೆದು ಇಷ್ಟು ಮಿಲಿಲೀಟರ್ ಎಂದು ಅಡಿಟಿಪ್ಪಣಿ ಹಾಕಲೇ ಎಂದೆ. ‘ಯಾಕೆ ಸಾರ್, ಲೋಟ ಇದೆಯಲ್ಲ’ ಎಂದಳು. ‘ಮೆಣಸಿನಕಾಯಿ ಕೆಂಪಗೆ ಮಿರಮಿರ ಅನ್ನುವವರೆಗೆ’ ಎಂಬುದನ್ನು ಹಾಗೇ ಬಿಡಲೇ ಎಂದು ಕೇಳಿದೆ. ‘ಅಮ್ಮ ಹೇಳಿದ್ದು ಹಾಗೇ ಇರಲಿ. ಕೆಂಪಗಾದದ್ದು ನನಗೆ ಮೂಗಿಗೆ ಗೊತ್ತಾಗುತ್ತೆ.’ ಹೊರಡುವಾಗ ಸ್ಪಿರಿಟ್ ದೀಪದ ವಿಷಯ ಎತ್ತಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, ‘ಮಾರ್ಕ್ಸ್ ಕೊಟ್ರಲ್ಲ ಸಾರ್’ ಎಂದು ನಕ್ಕು, ಕಾಫಿ ಮಾಡಲು ಎದ್ದಳು. ಗ್ಯಾಸ್ ಹಚ್ಚಿದ ಸದ್ದು ಕೇಳಿತು. ನಾನು ಕುರ್ಚಿಯಿಂದ ಏಳಲಿಲ್ಲ.

ಈಗ 61ನೆಯ ಪುಟದಲ್ಲಿದ್ದೇನೆ. ಹುಳಿಪುಡಿಯ ಪಟ್ಟಿಯಲ್ಲಿ ‘ಮೆಂತ್ಯ ಕಾಲು’ ಎಂದಾದ ಮೇಲಿನ ಪದದ ಮೇಲೆ ಎಣ್ಣೆ ಬಿದ್ದಿದೆ. ಚಮಚವೋ ಲೋಟವೋ ತಿಳಿಯುತ್ತಿಲ್ಲ. ಕಾಲು ಲೋಟವಾದರೆ ಕಹಿಯಾಗಿ ಬಾಯಿಗಿಡಲಾಗದು ಎಂದು ನನ್ನ ಹೆಂಡತಿಯ ವಾದ. ಒಟ್ಟು ಧನಿಯ ಎಷ್ಟೆಂದು ನೋಡದೆ ಹೇಳಲಾಗದು ಎಂದು ನನ್ನ ವಾದ. ಧನಿಯದ ಸಾಲು ಹಿಂದಿನ ಪುಟದಲ್ಲಿದೆ, ಅದು ಅಂಟಿಕೊಂಡಿದೆ, ನಿಧಾನವಾಗಿ ಬಿಡಿಸಬೇಕು. ಮೂಲವನ್ನು ಬದಲಿಸುವಂತಿಲ್ಲವಾದ್ದರಿಂದ ಸದ್ಯಕ್ಕೆ ಆ ಜಾಗದಲ್ಲಿ ‘ಇಲ್ಲಿ ಎಣ್ಣೆ ಬಿದ್ದಿದೆ’ ಎಂದು ಟೈಪು ಮಾಡಿ ಕಳಿಸಿದ್ದೇನೆ.